ಐಷಾರಾಮಿ ಸೆಡಾನ್‌ಗೆ ಹೊಸ ಟೈರು: ಕುಲುಕು, ಸದ್ದು ಎರಡೂ ಕಡಿಮೆಯಾಗುವಂತೆ ಆರಿಸುವುದು ಹೇಗೆ?

ಮರ್ಸಿಡಿಸ್ ಇ-ಕ್ಲಾಸ್, ಬಿಎಂಡಬ್ಲ್ಯೂ 5 ಸೀರೀಸ್, ಆಡಿ ಎ6, ಸ್ಕೋಡಾ ಸೂಪರ್ಬ್, ಟೊಯೋಟಾ ಕ್ಯಾಮ್ರಿ ಮುಂತಾದ ಕಾರುಗಳಿಗೆ ನಮ್ಮಲ್ಲಿ ಜನ ಅಷ್ಟೊಂದು ಹಣ ಸುರಿಯುವುದು ವೇಗಕ್ಕಿಂತ ಹೆಚ್ಚಾಗಿ ಹಿಂದಿನ ಸೀಟಿನ ನೆಮ್ಮದಿಗಾಗಿ. ಹೊಸದರಲ್ಲಿ ಇದ್ದ ಆ ನೆಮ್ಮದಿ ಮೂರು ನಾಲ್ಕು ವರ್ಷಗಳಲ್ಲಿ ಕರಗಿಹೋಗಿ, ಟೈರು ಬದಲಿಸುವ ಹೊತ್ತು ಬಂದಾಗ, ಬಹುತೇಕರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ 'ಯಾವ ಕಂಪನಿಯದು ಒಳ್ಳೆಯದು?' ಎಂಬುದು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಟೈರಿನ ಅಳತೆ, ಪಕ್ಕೆಯ (ಲೋಹದ ರಿಮ್ಮಿಗೂ ರಸ್ತೆಗೆ ತಾಗುವ ಮೇಲ್ಮೈಗೂ ನಡುವಿನ ರಬ್ಬರ್ ಗೋಡೆಯ) ಎತ್ತರ, ಅದು ರನ್-ಫ್ಲ್ಯಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ಟೈರು) ಹೌದೋ ಅಲ್ಲವೋ ಎಂಬುದು, ಒಳಗಿನ ಗಾಳಿಯ ಒತ್ತಡ, ಇವಿಷ್ಟೂ ಸೇರಿ ಪ್ರಯಾಣದ ಹಿತವನ್ನು ಬಹುಪಾಲು ನಿರ್ಧರಿಸಿಬಿಟ್ಟಿರುತ್ತವೆ. ಕಂಪನಿಯ ಹೆಸರು ಬದಲಿಸಬಲ್ಲದ್ದು ಉಳಿದ ಸ್ವಲ್ಪ ಪಾಲನ್ನು ಮಾತ್ರ.

ತಪ್ಪು ಟೈರಿನದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ

'ಕಾರು ಹಿತವಾಗಿಲ್ಲ' ಎಂಬ ದೂರಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಬೆರೆತಿರುತ್ತವೆ. ಒಂದು, ಗುಂಡಿ, ಹಂಪ್, ತೇಪೆ ಹಾಕಿದ ಡಾಂಬರಿನ ಮೇಲೆ ಹೋದಾಗ ಮೈಗೆ ತಟ್ಟುವ ಕುಲುಕು. ಇನ್ನೊಂದು, ವೇಗ ಹೆಚ್ಚಿದಂತೆ ಕಿವಿಗೆ ಬೀಳುವ ಮೊರೆತ. ಕುಲುಕಿಗೆ ಮದ್ದಾಗುವ ಟೈರು ಮೊರೆತಕ್ಕೂ ಮದ್ದಾಗಬೇಕೆಂದೇನಿಲ್ಲ. ಆದ್ದರಿಂದ ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಯಾವುದು ಎಂದು ಮೊದಲೇ ತೀರ್ಮಾನಿಸಿಕೊಂಡರೆ ಮುಂದಿನ ಆಯ್ಕೆ ಸುಲಭವಾಗುತ್ತದೆ.

ಮೊರೆತದ ಮೂಲವನ್ನು ಪತ್ತೆಹಚ್ಚಲು ಯಂತ್ರಗಳೇನೂ ಬೇಡ. ಒಂದೇ ವೇಗದಲ್ಲಿ ಡಾಂಬರು ರಸ್ತೆಯಿಂದ ಕಾಂಕ್ರೀಟ್ ರಸ್ತೆಗೆ ದಾಟಿದಾಗ ಸದ್ದು ಥಟ್ಟನೆ ಬದಲಾದರೆ ಅದು ಟೈರಿನದು. ಬೆಂಗಳೂರಿನಲ್ಲಿ ವೈಟ್-ಟಾಪಿಂಗ್ ಆದ, ಅಂದರೆ ಡಾಂಬರಿನ ಮೇಲೆ ಕಾಂಕ್ರೀಟ್ ಹೊದಿಸಿದ ರಸ್ತೆಗಳು ಅಲ್ಲಲ್ಲಿ ಇರುವುದರಿಂದ ಈ ಪರೀಕ್ಷೆ ಇಲ್ಲಿ ಬಹಳ ಸುಲಭ. ರಸ್ತೆ ಬದಲಾದರೂ ಸದ್ದು ಹಾಗೆಯೇ ಉಳಿದು, ಉದ್ದನೆಯ ತಿರುವಿನಲ್ಲಿ ಒಂದು ಬದಿಗೆ ತಿರುಗಿದಾಗ ಹೆಚ್ಚಿ ಇನ್ನೊಂದು ಬದಿಗೆ ತಿರುಗಿದಾಗ ತಗ್ಗಿದರೆ ಚಕ್ರದ ಬೇರಿಂಗ್ ಮೇಲೆ ಅನುಮಾನಪಡಬೇಕು. ಅಂಥ ಕಾರಿಗೆ ನಾಲ್ಕು ಹೊಸ ಟೈರು ಹಾಕಿಸಿದರೂ ಸದ್ದು ಹೋಗುವುದಿಲ್ಲ.

ಅನಂತರ ಕಾರು ನಿಲ್ಲಿಸಿ, ಚಕ್ರ ತಣ್ಣಗಾದ ಮೇಲೆ, ಟೈರಿನ ಮೇಲ್ಮೈಯ ಮೇಲೆ ಅಂಗೈಯನ್ನು ಸುತ್ತಳತೆಯ ದಿಕ್ಕಿನಲ್ಲಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರಿ ನೋಡಿ. ಒಂದು ದಿಕ್ಕಿನಲ್ಲಿ ನುಣುಪಾಗಿ, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ಚುಚ್ಚಿದರೆ, ಮೇಲ್ಮೈಯಲ್ಲಿ ಎದ್ದಿರುವ ರಬ್ಬರಿನ ಗಟ್ಟಿಗಳು ಒಂದು ಅಂಚಿನಲ್ಲಿ ಮಾತ್ರ ಸವೆದಿವೆ ಎಂದರ್ಥ. ಹೆಚ್ಚಾಗಿ ಹಿಂದಿನ ಚಕ್ರಗಳ ಒಳ ಅಂಚಿನಲ್ಲಿ ಕಾಣಿಸುವ ಈ ಸವೆತವು ಕಾರಿನೊಳಗೆ ಹೆಲಿಕಾಪ್ಟರ್ ಹಾರಿದಂಥ ಸದ್ದನ್ನು ತುಂಬುತ್ತದೆ. ವೀಲ್ ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ತಪ್ಪಿರುವುದು ಅಥವಾ ಚಕ್ರಗಳನ್ನು ಕಾಲಕಾಲಕ್ಕೆ ಹಿಂದೆ ಮುಂದೆ ಅದಲು ಬದಲು ಮಾಡದಿರುವುದು ಇದಕ್ಕೆ ಸಾಮಾನ್ಯ ಕಾರಣ. ಅದನ್ನು ಸರಿಪಡಿಸದೆ ಎಷ್ಟೇ ದುಬಾರಿ ಟೈರು ಹಾಕಿಸಿದರೂ ಅದು ಕೂಡ ಇದೇ ಹಾದಿ ಹಿಡಿಯುತ್ತದೆ. ಕುಲುಕಿನ ವಿಷಯದಲ್ಲೂ ಹಾಗೆಯೇ: ಸವೆದ ಶಾಕ್ ಅಬ್ಸಾರ್ಬರ್, ಬಿರುಕು ಬಿಟ್ಟ ರಬ್ಬರ್ ಬುಶ್‌ಗಳನ್ನು ಮೊದಲು ನೋಡಿಸಬೇಕು.

ಪಕ್ಕೆಯ ಮೇಲಿನ ಅಂಕಿಗಳು ಹೇಳುವುದೇನು?

225/55 ಆರ್17 97ಡಬ್ಲ್ಯೂ ಎಂಬ ಬರಹವನ್ನು ತೆಗೆದುಕೊಳ್ಳೋಣ. 225 ಎಂಬುದು ಮಿಲಿಮೀಟರುಗಳಲ್ಲಿ ಟೈರಿನ ಅಗಲ. 55 ಎಂಬುದು ಆ ಅಗಲದ ಶೇಕಡಾ ಎಷ್ಟು ಪಾಲು ಪಕ್ಕೆಯ ಎತ್ತರವಿದೆ ಎಂಬುದು. 17 ರಿಮ್ಮಿನ ವ್ಯಾಸ, ಅದು ಇಂಚುಗಳಲ್ಲಿ. 97 ಎಂಬ ಸಂಕೇತಕ್ಕೆ ಒಂದು ಟೈರು 730 ಕಿಲೋ ಹೊರಬಲ್ಲದು ಎಂದರ್ಥ. ಡಬ್ಲ್ಯೂ ಎಂದರೆ ಗಂಟೆಗೆ 270 ಕಿ.ಮೀ. ವೇಗದವರೆಗೆ ತಡೆಯಬಲ್ಲದು ಎಂದರ್ಥ. ವಿ ಎಂದಿದ್ದರೆ 240, ವೈ ಎಂದಿದ್ದರೆ 300.

ಹಿತದ ಗುಟ್ಟು ಎರಡನೆಯ ಅಂಕಿಯಲ್ಲಿದೆ. ಇ-ಕ್ಲಾಸ್ ಮತ್ತು 5 ಸೀರೀಸ್‌ನ ಈಚಿನ ತಲೆಮಾರುಗಳಲ್ಲಿ ಆಯಾ ಆವೃತ್ತಿಗೆ ತಕ್ಕಂತೆ ಬಳಕೆಯಾಗಿರುವ ಮೂರು ಅಳತೆಗಳನ್ನು ಹೋಲಿಸಿ ನೋಡಿ. 225/55 ಆರ್17ರಲ್ಲಿ ಪಕ್ಕೆಯ ಎತ್ತರ ಸುಮಾರು 124 ಮಿ.ಮೀ., 245/45 ಆರ್18ರಲ್ಲಿ 110 ಮಿ.ಮೀ., 245/40 ಆರ್19ರಲ್ಲಿ 98 ಮಿ.ಮೀ. ಚಕ್ರದ ಒಟ್ಟು ವ್ಯಾಸ ಮೂರರಲ್ಲೂ ಹೆಚ್ಚುಕಡಿಮೆ 678ರಿಂದ 679 ಮಿ.ಮೀ. ಅಂದರೆ ಹೊರಗಿನಿಂದ ಚಕ್ರ ಅಷ್ಟೇ ದೊಡ್ಡದು. ಆದರೆ ರಿಮ್ ಹಿಗ್ಗಿದಂತೆಲ್ಲ ಗುಂಡಿಯ ಪೆಟ್ಟನ್ನು ನುಂಗಬೇಕಾದ ರಬ್ಬರು ಮತ್ತು ಗಾಳಿ ಒಂದು ಇಂಚಿನಷ್ಟು ಕುಗ್ಗಿಹೋಗಿದೆ. ಷೋರೂಮಿನ ದೀಪದ ಕೆಳಗೆ 19 ಇಂಚಿನ ರಿಮ್ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಮಳೆಗಾಲ ಮುಗಿದ ಮೇಲಿನ ನಮ್ಮ ಊರ ರಸ್ತೆಗಳಲ್ಲಿ ಆ ಒಂದು ಇಂಚಿನ ಬೆಲೆ ಗೊತ್ತಾಗುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 245/40 ಆರ್19 ಟೈರಿನ ಸಾಮಾನ್ಯ ರೂಪದ ಭಾರ ಸಂಕೇತ 94, ಅಂದರೆ 670 ಕಿಲೋ. ದೊಡ್ಡ ಸೆಡಾನಿಗೆ ಅದು ಸಾಲದೆ ಹೋಗಬಹುದಾದ್ದರಿಂದ ಎಕ್ಸ್‌ಎಲ್ ಎಂಬ ಗುರುತಿರುವ, 98 ಸಂಕೇತದ, 750 ಕಿಲೋ ಹೊರುವ ಬಲಪಡಿಸಿದ ಟೈರನ್ನೇ ಸಾಮಾನ್ಯವಾಗಿ ಹಾಕಲಾಗುತ್ತದೆ. ಬಲಪಡಿಸಿದ ಟೈರಿನ ಪಕ್ಕೆ ಹೆಚ್ಚು ಬಿಗಿ, ಅದಕ್ಕೆ ಬೇಕಾದ ಗಾಳಿಯೂ ಹೆಚ್ಚು. ಹೀಗೆ ಪಕ್ಕೆ ಗಿಡ್ಡವಾದಂತೆ ಬಿಗಿಯೂ ಹೆಚ್ಚುತ್ತಾ ಹೋಗಿ ಎರಡು ಕಡೆಯಿಂದಲೂ ಹಿತಕ್ಕೆ ಪೆಟ್ಟು ಬೀಳುತ್ತದೆ.

ಹಾಗಾದರೆ ರಿಮ್ಮನ್ನೇ ಚಿಕ್ಕದು ಮಾಡಬಹುದೇ? ಮಾಡಬಹುದು, ಷರತ್ತುಗಳ ಮೇಲೆ. ನಿಮ್ಮದೇ ಮಾದರಿಯ, ನಿಮ್ಮದೇ ಎಂಜಿನ್ನಿನ ಕಾರಿಗೆ ತಯಾರಕರು ಚಿಕ್ಕ ರಿಮ್ಮನ್ನೂ ಒಪ್ಪಿರಬೇಕು. ಅದು ಬ್ರೇಕಿನ ಕ್ಯಾಲಿಪರ್‌ಗೆ ತಾಗಬಾರದು. ಟೈರಿನ ಒಟ್ಟು ವ್ಯಾಸ ಬದಲಾಗಬಾರದು, ಏಕೆಂದರೆ ವೇಗದ ಮುಳ್ಳು, ಎಬಿಎಸ್ ಎಲ್ಲವೂ ಆ ವ್ಯಾಸವನ್ನು ನಂಬಿ ಕೆಲಸ ಮಾಡುತ್ತವೆ. ಕೈಪಿಡಿಯಲ್ಲಿ, ಇಲ್ಲವೇ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ, ಒಪ್ಪಿಗೆಯಾದ ಅಳತೆಗಳು ಇರುತ್ತವೆ. 19ರಿಂದ 18ಕ್ಕೆ ಇಳಿದು ಒಳ್ಳೆಯ ಟೂರಿಂಗ್ ಟೈರು (ಹಿತವಾದ ಪ್ರಯಾಣಕ್ಕೆಂದು ಮಾಡಿದ ಬಗೆ) ಹಾಕಿಸುವುದು, 19ರಲ್ಲೇ ಉಳಿದು ಅತಿ ದುಬಾರಿ ಟೈರು ಹುಡುಕುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ರಿಮ್ ಬದಲಿಸದೆ ಟೈರಿನ ಪಕ್ಕೆಯನ್ನು ಮಾತ್ರ ಎತ್ತರಿಸುವ ಸಲಹೆಯನ್ನು ಕೆಲವು ಅಂಗಡಿಗಳು ಕೊಡುತ್ತವೆ. ಆಗ ಒಟ್ಟು ವ್ಯಾಸ ಹೆಚ್ಚುವುದರಿಂದ, ತಯಾರಕರು ಅದನ್ನು ಒಪ್ಪದ ಹೊರತು, ನಾನು ಆ ದಾರಿಗೆ ಹೋಗಲಾರೆ.

ಭಾರದ ಸಂಕೇತ ಮತ್ತು ವೇಗದ ಅಕ್ಷರಗಳು ಕಾರಿಗೆ ನಿಗದಿಯಾದುದಕ್ಕಿಂತ ಕಡಿಮೆಯಾಗಕೂಡದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳ ವೇಗಮಿತಿಯೇ 100 ಕಿ.ಮೀ. ಇರುವಾಗ 270ರ ಟೈರು ಏಕೆ ಎನ್ನುವುದು ಸಹಜ ಪ್ರಶ್ನೆಯೇ. ಆದರೆ ಆ ಅಕ್ಷರ ಟೈರು ಬಿಸಿಯನ್ನು ತಡೆಯುವ ಶಕ್ತಿಯ ಸೂಚನೆಯೂ ಹೌದು, ವಿಮಾ ಕಂಪನಿಯೊಂದಿಗೆ ವಾದಕ್ಕೆ ಎಡೆಮಾಡಿಕೊಡದಿರುವುದೂ ಒಳ್ಳೆಯದು. ಹಾಗೆಂದು ಅಗತ್ಯಕ್ಕಿಂತ ಮೇಲಿನ ದರ್ಜೆಗೆ ಹೋಗುವುದರಿಂದ ಹಿತವೇನೂ ಹೆಚ್ಚುವುದಿಲ್ಲ.

ರನ್-ಫ್ಲ್ಯಾಟ್ ಬಿಡಬೇಕೆ?

ಜರ್ಮನಿಯ ಅನೇಕ ಸೆಡಾನ್‌ಗಳು, ವಿಶೇಷವಾಗಿ ಬಿಎಂಡಬ್ಲ್ಯೂ ಕಾರುಗಳು, ರನ್-ಫ್ಲ್ಯಾಟ್ ಟೈರುಗಳೊಂದಿಗೆ ಬಂದಿವೆ. ಗಾಳಿ ಪೂರ್ತಿ ಹೋದರೂ ಇವು ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ 80 ಕಿ.ಮೀ. ದೂರ ಓಡಬಲ್ಲವು. ಹಾಗೆ ಓಡಬೇಕಾದರೆ ಗಾಳಿಯಿಲ್ಲದೆಯೂ ಕಾರಿನ ಭಾರವನ್ನು ಪಕ್ಕೆಯೇ ಹೊರಬೇಕು. ಅದಕ್ಕೆಂದು ಪಕ್ಕೆಯ ಒಳಗೆ ದಪ್ಪ ರಬ್ಬರಿನ ಆಸರೆ ಇಟ್ಟಿರುತ್ತಾರೆ. ಪಂಕ್ಚರ್ ಆದ ದಿನ ಕಾಪಾಡುವ ಆ ಬಿಗಿಯೇ ಉಳಿದೆಲ್ಲ ದಿನಗಳಲ್ಲಿ ಚೂಪಾದ ಅಂಚಿನ ಗುಂಡಿ, ಸೇತುವೆಯ ಜೋಡಣೆ, ರಸ್ತೆಯ ಸಣ್ಣ ಬಿರುಕುಗಳನ್ನೂ ಸೀಟಿನವರೆಗೆ ತಲುಪಿಸುತ್ತದೆ.

ಕುಲುಕು ಕಡಿಮೆ ಮಾಡಬೇಕೆಂಬ ಒಂದೇ ಗುರಿಯಿದ್ದರೆ, ರನ್-ಫ್ಲ್ಯಾಟ್‌ನಿಂದ ಅದೇ ಅಳತೆಯ ಸಾಮಾನ್ಯ ಟೈರಿಗೆ ಬರುವಷ್ಟು ಸ್ಪಷ್ಟ ವ್ಯತ್ಯಾಸವನ್ನು ಬೇರಾವ ಬದಲಾವಣೆಯೂ ಕೊಡುವುದು ಕಷ್ಟ. ಆದರೆ ರನ್-ಫ್ಲ್ಯಾಟ್ ನಂಬಿ ವಿನ್ಯಾಸವಾದ ಹಲವು ಕಾರುಗಳ ಡಿಕ್ಕಿಯಲ್ಲಿ ಸ್ಟೆಪ್ನಿಗೆ ಜಾಗವೇ ಇರುವುದಿಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಇಳಿಯುವಾಗ, ಸುರಿಯುವ ಮಳೆಯಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಟೈರಿನ ಪಕ್ಕೆ ಸೀಳಿದರೆ, ಗಾಳಿ ತುಂಬುವ ಪಂಪು ಮತ್ತು ಅಂಟು ದ್ರಾವಣದ ಡಬ್ಬಿ ಏನೂ ಮಾಡಲಾರವು. ಅವು ಮೊಳೆ ಚುಚ್ಚಿದ ತೂತಿಗೆ ಮಾತ್ರ. ಆದುದರಿಂದ ನಗರದೊಳಗೆ ಹಾಗೂ ಹೆದ್ದಾರಿಯಲ್ಲೇ ಹೆಚ್ಚು ಓಡಾಡುವವರು, ರಸ್ತೆಬದಿ ನೆರವಿನ ಒಪ್ಪಂದ ಇಟ್ಟುಕೊಂಡವರು ನಿಶ್ಚಿಂತೆಯಿಂದ ಸಾಮಾನ್ಯ ಟೈರಿಗೆ ಬದಲಾಗಬಹುದು. ಮಲೆನಾಡಿನಲ್ಲಿ ರಾತ್ರಿ ಹೊತ್ತು ಒಂಟಿಯಾಗಿ ಓಡಾಡುವವರು ಕಿರಿದಾದ ಸ್ಟೆಪ್ನಿಗೆ ಜಾಗ ಮಾಡಿಕೊಳ್ಳಬೇಕು. ಅದು ಆಗದಿದ್ದರೆ ರನ್-ಫ್ಲ್ಯಾಟ್‌ನ ಹೊಸ ಪೀಳಿಗೆಯ ಟೈರುಗಳನ್ನೇ ಆರಿಸಿಕೊಳ್ಳಲಿ. ಎರಡು ಚಕ್ರಕ್ಕೆ ಒಂದು ಬಗೆ, ಇನ್ನೆರಡಕ್ಕೆ ಇನ್ನೊಂದು ಬಗೆ ಹಾಕುವುದು ಸರಿಯಲ್ಲ. ಗಾಳಿಯ ಒತ್ತಡ ತಿಳಿಸುವ ಎಚ್ಚರಿಕೆ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಬದಲಾವಣೆಗೆ ಮುನ್ನವೇ ನೋಡಿಸಿ.

ಇದೇ ಸಂದರ್ಭದಲ್ಲಿ ಪಕ್ಕೆಯ ಮೇಲೆ ಕಾಣುವ ಇನ್ನು ಕೆಲವು ಗುರುತುಗಳ ಅರ್ಥ ತಿಳಿದಿದ್ದರೆ ಒಳ್ಳೆಯದು. ನಕ್ಷತ್ರವಿದ್ದರೆ ಬಿಎಂಡಬ್ಲ್ಯೂಗೆಂದು, ಎಂಒ ಎಂದಿದ್ದರೆ ಮರ್ಸಿಡಿಸ್‌ಗೆಂದು, ಎಒ ಎಂದಿದ್ದರೆ ಆಡಿಗೆಂದು ಹದಗೊಳಿಸಿದ ಟೈರು. ಎಂಒಇ ಎಂದರೆ ಮರ್ಸಿಡಿಸ್‌ಗಾಗಿ ಮಾಡಿದ ರನ್-ಫ್ಲ್ಯಾಟ್. ಇಂಥ ಗುರುತಿನ ಟೈರೇ ಆಗಬೇಕೆಂಬ ಕಡ್ಡಾಯವೇನಿಲ್ಲ. ನಾಲ್ಕೂ ಒಂದೇ ಬಗೆಯವಾಗಿರಬೇಕು ಎಂಬುದೇ ಮುಖ್ಯ.

ಸದ್ದಿನ ಲೆಕ್ಕಾಚಾರ

ಟೈರಿನ ಸದ್ದಿನಲ್ಲೂ ಎರಡು ಬಗೆಗಳಿವೆ. ಮೇಲ್ಮೈಯ ಗಟ್ಟಿಗಳು ರಸ್ತೆಗೆ ಬಡಿದು, ಅವುಗಳ ನಡುವೆ ಸಿಕ್ಕಿದ ಗಾಳಿ ಹಿಸುಕಿಕೊಂಡು ಹೊರಬಂದು ಹುಟ್ಟುವ ಮೊರೆತ ಒಂದು ಬಗೆ. ಗಟ್ಟಿಗಳೆಲ್ಲ ಒಂದೇ ಅಳತೆಯವಾಗಿದ್ದರೆ ಆ ಬಡಿತ ಒಂದೇ ಸ್ವರವಾಗಿ ಕಿವಿಗೆ ಕೊರೆಯುತ್ತದೆ. ಅದಕ್ಕೇ ಒಳ್ಳೆಯ ಟೂರಿಂಗ್ ಟೈರುಗಳಲ್ಲಿ ಗಟ್ಟಿಗಳ ಉದ್ದವನ್ನು ಬೇಕೆಂದೇ ಹೆಚ್ಚು ಕಡಿಮೆ ಮಾಡಿ ಸ್ವರವನ್ನು ಚದುರಿಸಿರುತ್ತಾರೆ. ಇನ್ನೊಂದು ಬಗೆಯದು ಟೈರಿನ ಒಳಗಿನ ಗಾಳಿಯ ಪೊಳ್ಳು ಅನುರಣಿಸಿ ಹುಟ್ಟುವ, ಸುಮಾರು 200 ಹರ್ಟ್ಸ್‌ನ ಆಸುಪಾಸಿನ 'ಗುಂಯ್' ಎಂಬ ನಾದ. ಒರಟು ರಸ್ತೆಯಲ್ಲಿ, ಸೇತುವೆಯ ಜೋಡಣೆಯನ್ನು ದಾಟುವಾಗ ಇದು ಎದ್ದು ಕೇಳುತ್ತದೆ.

ಈ ಎರಡನೆಯ ಬಗೆಗೆಂದೇ ಕೆಲವು ಟೈರುಗಳ ಒಳಗೋಡೆಗೆ ಪಾಲಿಯುರಿಥೇನ್ ಸ್ಪಂಜಿನ ಪಟ್ಟಿ ಅಂಟಿಸಿರುತ್ತಾರೆ. ಕಾಂಟಿನೆಂಟಲ್ ಅದನ್ನು ಕಾಂಟಿಸೈಲೆಂಟ್ ಎಂದೂ, ಮಿಶೆಲಿನ್ ಅಕೌಸ್ಟಿಕ್ ಎಂದೂ, ಪಿರೆಲ್ಲಿ ಪಿಎನ್‌ಸಿಎಸ್ ಎಂದೂ ಕರೆಯುತ್ತದೆ. ಸ್ಪಂಜು 'ಗುಂಯ್' ನಾದವನ್ನು ತಗ್ಗಿಸುತ್ತದೆಯೇ ಹೊರತು ಮೇಲ್ಮೈಯ ಮೊರೆತವನ್ನಲ್ಲ. ನಿಮ್ಮ ದೂರು ಕಾಂಕ್ರೀಟ್ ರಸ್ತೆಯ ನಿರಂತರ ಮೊರೆತದ ಬಗ್ಗೆಯಾದರೆ ಹೆಚ್ಚಿನ ಹಣ ತೆತ್ತು ಸ್ಪಂಜಿನ ಟೈರು ಕೊಂಡು ನಿರಾಶರಾಗುವ ಸಂಭವವಿದೆ. ಪಂಕ್ಚರ್ ಆದಾಗ ಟೈರು ಬಿಚ್ಚಿ, ಆ ಜಾಗದ ಸ್ಪಂಜನ್ನು ಕತ್ತರಿಸಿ ತೆಗೆದು, ಒಳಗಿನಿಂದ ತೇಪೆ ಹಾಕಬೇಕಾಗುತ್ತದೆ ಎಂಬುದೂ ನೆನಪಿರಲಿ. ರಸ್ತೆಬದಿಯ ಎಲ್ಲ ಪಂಕ್ಚರ್ ಅಂಗಡಿಯವರಿಗೂ ಇದರ ಅಭ್ಯಾಸವಿರುವುದಿಲ್ಲ.

ಯುರೋಪಿನಲ್ಲಿ ಟೈರುಗಳಿಗೆ ಅಂಟಿಸುವ ಗುಣಮಟ್ಟದ ಲೇಬಲ್ಲಿನಲ್ಲಿ ಕಾಣುವ ಡೆಸಿಬೆಲ್ (ಸದ್ದಿನ ಅಳತೆ) ಅಂಕಿಯನ್ನು ಮುಂದಿಟ್ಟು ವಾದಿಸುವವರೂ ಇದ್ದಾರೆ. ಆದರೆ ಆ ಅಂಕಿ ಕಾರು ಹಾದುಹೋಗುವಾಗ ಹೊರಗೆ ನಿಂತವರಿಗೆ ಕೇಳುವ ಸದ್ದಿನದು; ಒಳಗೆ ಕುಳಿತವರಿಗೆ ಕೇಳುವುದರದಲ್ಲ. ಎರಡಕ್ಕೂ ನಂಟಿದೆ, ಆದರೆ ಎರಡೂ ಒಂದೇ ಅಲ್ಲ. 68 ಮತ್ತು 71 ಡೆಸಿಬೆಲ್ ನಡುವೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆಂಬುದು ನಿಜವಾದ್ದರಿಂದ ಅಷ್ಟು ದೊಡ್ಡ ಅಂತರವಿದ್ದಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಒಂದು ಡೆಸಿಬೆಲ್ ವ್ಯತ್ಯಾಸಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ಈಗ ಕಂಪನಿಯ ಮಾತು

ಇಷ್ಟಾದ ಮೇಲೆ ಹೆಸರುಗಳ ಕಡೆ ಬರಬಹುದು. ಒಂದೇ ಕಂಪನಿಯಲ್ಲೇ ಸ್ವಭಾವ ಬೇರೆ ಬೇರೆಯಾದ ಸಾಲುಗಳಿರುತ್ತವೆ. ಮಿಶೆಲಿನ್‌ನಲ್ಲಿ ಪ್ರೈಮಸಿ ಹಿತಕ್ಕೆ, ಪೈಲಟ್ ಸ್ಪೋರ್ಟ್ ಹಿಡಿತಕ್ಕೆ. ಬ್ರಿಜ್‌ಸ್ಟೋನ್‌ನಲ್ಲಿ ಟುರಾಂಜಾ ಮತ್ತು ಪೊಟೆಂಜಾ. ಕಾಂಟಿನೆಂಟಲ್‌ನಲ್ಲಿ ಕಂಫರ್ಟ್‌ಕಾಂಟ್ಯಾಕ್ಟ್ ಮತ್ತು ಸ್ಪೋರ್ಟ್‌ಕಾಂಟ್ಯಾಕ್ಟ್. ಪಿರೆಲ್ಲಿಯಲ್ಲಿ ಚಿಂಟುರಾಟೊ ಮತ್ತು ಪಿ ಝೀರೊ. ಯೊಕೊಹಾಮಾದ ಅಡ್ವಾನ್ ಡಿಬಿ ಸದ್ದು ಕಡಿಮೆ ಮಾಡುವುದಕ್ಕೆಂದೇ ಹೆಸರು ಹೊತ್ತ ಸಾಲು. 'ಮಿಶೆಲಿನ್ ಹಾಕಿಸಿದೆ, ಆದರೂ ಗಡುಸು' ಎನ್ನುವವರ ಟೈರು ನೋಡಿದರೆ ಅದು ಸ್ಪೋರ್ಟ್ ಸಾಲಿನದಾಗಿರುವುದು ಅಪರೂಪವಲ್ಲ.

ನಿಮ್ಮ ಅಳತೆಯಲ್ಲಿ ಇವೆಲ್ಲವೂ ಸಿಗುತ್ತವೆಂದು ಭಾವಿಸಬೇಡಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಬಳಿಕ ಆಮದಿಗೆ ಪರವಾನಗಿ ಬೇಕಾಗಿದೆ. 18, 19 ಇಂಚಿನ ಅಪರೂಪದ ಅಳತೆಗಳಲ್ಲಿ ಆಯ್ಕೆ ಒಂದೆರಡಕ್ಕೆ ಇಳಿಯುವುದುಂಟು. ಐಎಸ್‌ಐ ಗುರುತಿಲ್ಲದ, ಯಾರೋ ಎಲ್ಲಿಂದಲೋ ತರಿಸಿದ ಟೈರನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ.

ಹಿತದ ಬೆನ್ನುಹತ್ತಿ ಒದ್ದೆ ರಸ್ತೆಯ ಹಿಡಿತವನ್ನು ಮರೆಯುವುದು ಮಾತ್ರ ಸಲ್ಲದು. ಕರಾವಳಿ, ಮಲೆನಾಡುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ನಿಂತ ರಸ್ತೆಯ ಮೇಲೆ ಟೈರು ತೇಲದಂತೆ ತಡೆಯುವುದು ಅದರ ಮೇಲ್ಮೈಯ ಸುತ್ತಲೂ ಕೊರೆದ, ನೀರು ಹರಿದುಹೋಗುವ ಅಗಲವಾದ ಗೀರುಗಳು. ಈ ಗೀರುಗಳಿಗೆ ಕಾನೂನಿನ ಕನಿಷ್ಠ ಆಳ 1.6 ಮಿ.ಮೀ.; ಮಳೆನಾಡಿನವರು 3 ಮಿ.ಮೀ.ಗೆ ಬಂದಾಗಲೇ ಬದಲಿಸುವುದು ವಿವೇಕ.

ಅಂಗಡಿಯಲ್ಲಿ

ಟೈರನ್ನು ರಿಮ್ಮಿಗೆ ಏರಿಸುವ ಮುನ್ನವೇ ಪಕ್ಕೆಯ ಮೇಲಿನ ಡಾಟ್ (DOT) ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನು ಓದಿ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಕೆಲವು ಟೈರುಗಳಲ್ಲಿ ಈ ಪೂರ್ಣ ಸಂಕೇತ ಒಂದೇ ಪಕ್ಕೆಯಲ್ಲಿ ಇರುತ್ತದೆ; ಕಾಣದಿದ್ದರೆ ಮಗುಚಿ ನೋಡಬೇಕು. ನೆರಳಿನಲ್ಲಿ ಸರಿಯಾಗಿ ಇಟ್ಟ ಟೈರು ಒಂದು ವರ್ಷ ಹಳೆಯದಾದರೂ ತೊಂದರೆಯಿಲ್ಲ, ಆದರೆ ರಬ್ಬರು ವರ್ಷಗಳು ಕಳೆದಂತೆ ಗಡುಸಾಗುತ್ತದೆ. ಎರಡು ಮೂರು ವರ್ಷದ ಹಿಂದಿನ ಟೈರನ್ನು ಹೊಸದರ ಬೆಲೆಗೆ ಕೊಳ್ಳಬಾರದು. ನಾಲ್ಕರ ದಿನಾಂಕಗಳೂ ಹತ್ತಿರ ಹತ್ತಿರ ಇರಲಿ.

ಎರಡೇ ಟೈರು ಬದಲಿಸುವುದಾದರೆ ಹೊಸ ಜೋಡಿ ಹಿಂದಕ್ಕೆ ಹೋಗಬೇಕು, ಏಕೆಂದರೆ ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಕಾರನ್ನು ಹಿಡಿತಕ್ಕೆ ತರುವುದು ಹೆಚ್ಚು ಕಷ್ಟ. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ಎಕ್ಸ್‌ಡ್ರೈವ್, ಕ್ವಾಟ್ರೊ ಮಾದರಿಯ ಕಾರುಗಳಲ್ಲಿ ಮುಂದಿನ, ಹಿಂದಿನ ಟೈರುಗಳ ಸುತ್ತಳತೆ ಹೆಚ್ಚು ವ್ಯತ್ಯಾಸವಾಗಬಾರದಾದ್ದರಿಂದ ನಾಲ್ಕನ್ನೂ ಒಟ್ಟಿಗೆ ಬದಲಿಸುವುದೇ ಕ್ಷೇಮ.

ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮವಾಗುವಂತೆ ಮಾಡುವುದು) ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ. ಯಂತ್ರದ ಮೇಲೆ ಚಕ್ರ ತಿರುಗುವಾಗ ರಿಮ್ಮಿನ ಅಂಚು ಮೇಲೆ ಕೆಳಗೆ ಓಲಾಡಿದರೆ ರಿಮ್ಮೇ ಸೊಟ್ಟಗಾಗಿದೆ. ಹಿಂದೆ ಯಾವುದೋ ಗುಂಡಿಯಲ್ಲಿ ತಿಂದ ಪೆಟ್ಟು ಅದು. ಸೀಸದ ತೂಕ ಎಷ್ಟು ಅಂಟಿಸಿದರೂ 80ರ ವೇಗದಲ್ಲಿ ಸ್ಟಿಯರಿಂಗ್ ನಡುಗುವುದು ನಿಲ್ಲದು. ಬ್ಯಾಲೆನ್ಸಿಂಗ್ ನಂತರ ಅಲೈನ್‌ಮೆಂಟ್ ಮಾಡಿಸಿ, ಮೊದಲಿನ ಮತ್ತು ನಂತರದ ಅಳತೆಗಳು ಮುದ್ರಿತವಾದ ಚೀಟಿ ಕೇಳಿ ಪಡೆಯಿರಿ. ಮುಂದಿನ ಚಕ್ರಗಳಿಗೆ ಮಾತ್ರ ಅಲೈನ್‌ಮೆಂಟ್ ಮಾಡಿ ಕೈತೊಳೆದುಕೊಳ್ಳುವ ಅಂಗಡಿಗಳಿವೆ. ಈ ಕಾರುಗಳಲ್ಲಿ ಹಿಂದಿನ ಚಕ್ರಗಳ ಕೋನವನ್ನೂ ಸರಿಹೊಂದಿಸಬೇಕು.

ಗಾಳಿ

ಕೊನೆಗೆ ಉಳಿಯುವುದು ಖರ್ಚಿಲ್ಲದ, ಆದರೂ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವ ವಿಷಯ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಥವಾ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಸಾಲು ಅಂಕಿಗಳಿರುತ್ತವೆ: ಇಬ್ಬರು ಮೂವರು ಕುಳಿತಾಗ ಒಂದು, ಐವರು ಕುಳಿತು ಸಾಮಾನು ತುಂಬಿದಾಗ ಇನ್ನೊಂದು. ಅಂಗಡಿಯವರು ಕೇಳದೆಯೇ ನಾಲ್ಕಕ್ಕೂ 38, 40 ಪಿಎಸ್‌ಐ ಹಿಡಿಸಿ ಕಳಿಸುವುದುಂಟು. ಹೊಸ ಟೈರು ಗಡುಸು ಎಂಬ ಎಷ್ಟೋ ದೂರುಗಳು ಇಷ್ಟರಿಂದಲೇ ಹುಟ್ಟಿರುತ್ತವೆ. ದಿನನಿತ್ಯದ ಓಡಾಟಕ್ಕೆ ಕಡಿಮೆ ಭಾರದ ಅಂಕಿಯನ್ನೇ ಪಾಲಿಸಿ. ಅದಕ್ಕಿಂತಲೂ ಕೆಳಗಿಳಿಸಿದರೆ ಇನ್ನಷ್ಟು ಮೆತ್ತಗಾಗುತ್ತದೆಂಬ ಆಸೆ ಬೇಡ: ಟೈರು ಬಿಸಿಯೇರುತ್ತದೆ, ಅಂಚುಗಳು ಬೇಗ ಸವೆಯುತ್ತವೆ, ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಪಕ್ಕೆ ಜಜ್ಜಿ ಒಳಗಿನ ದಾರಗಳು ಹರಿದು ಹೊರಗೆ ಉಬ್ಬು ಏಳುತ್ತದೆ. ಉಬ್ಬು ಬಂದ ಟೈರಿಗೆ ದುರಸ್ತಿ ಇಲ್ಲ.

ಒತ್ತಡವನ್ನು ಬೆಳಿಗ್ಗೆ, ಕಾರು ಹೊರಡುವ ಮುನ್ನ ಅಳೆಯಬೇಕು. ಬಿಸಿಲಲ್ಲಿ ಓಡಿ ಬಂದ ಟೈರು ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಆಗ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಹೊಸ ಟೈರಿನ ಮೇಲ್ಮೈಯಲ್ಲಿ ಅಚ್ಚಿನಿಂದ ಬಂದ ಜಾರು ಪದರ ಉಳಿದಿರುವುದರಿಂದ ಮೊದಲ ಇನ್ನೂರು ಮುನ್ನೂರು ಕಿ.ಮೀ. ಜೋರಾಗಿ ಬ್ರೇಕ್ ಹಾಕುವುದು, ತಿರುವಿನಲ್ಲಿ ರಭಸವಾಗಿ ಹೋಗುವುದು ಬೇಡ. ಈ ನಡುವೆ ಒಮ್ಮೆ ಚಕ್ರದ ಬೋಲ್ಟುಗಳ ಬಿಗಿಯನ್ನು ಟಾರ್ಕ್ ಸ್ಪ್ಯಾನರ್‌ನಿಂದ ಪರೀಕ್ಷಿಸಿಕೊಳ್ಳಿ. ಅಲ್ಲಿಂದಾಚೆಗೆ ಎಂಟರಿಂದ ಹತ್ತು ಸಾವಿರ ಕಿ.ಮೀ.ಗೊಮ್ಮೆ ಮುಂದಿನ, ಹಿಂದಿನ ಚಕ್ರಗಳನ್ನು ಅದಲು ಬದಲು ಮಾಡಿಸಿ. ಮುಂದೆ 245, ಹಿಂದೆ 275 ಅಗಲದ ಟೈರುಗಳಿರುವ ಕಾರುಗಳಲ್ಲಿ ಇದು ಸಾಧ್ಯವಿಲ್ಲವಾದ್ದರಿಂದ ಅಂಥವರು ಅಲೈನ್‌ಮೆಂಟನ್ನು ಇನ್ನಷ್ಟು ಕಟ್ಟುನಿಟ್ಟಾಗಿ ನೋಡಿಕೊಳ್ಳಬೇಕಾಗುತ್ತದೆ.